ಇಂಗ್ಲಿಷ್ ಬಲ್ಲ ನಾಯಿ, ಲೋಳೆಸರ ಮತ್ತು ನಾನು

ನಮ್ಮ ಊರಿನಲ್ಲಿ ನಾಯಿ ಸಾಕಿದವರೆಲ್ಲ ಅದರೊಡನೆ ಇಂಗ್ಲಿಷಿನಲ್ಲೇ ಮಾತನಾಡುವುದೇಕೆ ಎಂಬುದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ. ಹೆಂಡತಿಯನ್ನು ‘ಲೇ ಇವಳೇ’ ಎಂದೂ ಸೊಪ್ಪಿನವನನ್ನು ‘ಲೋ’ ಎಂದೂ ಕರೆಯುವ ಮಹನೀಯರು, ನಾಯಿ ಎದುರಾದೊಡನೆ ‘ಕಮ್’, ‘ಸಿಟ್’, ‘ನೋ’ ಎಂದು ಕ್ಷಣಾರ್ಧದಲ್ಲಿ ವಿಲಾಯಿತಿಯವರಾಗಿಬಿಡುತ್ತಾರೆ. ರಾಜಾಜಿನಗರದಲ್ಲಿ ನಾವು ಹಿಂಭಾಗದಲ್ಲಿ ಬಾಡಿಗೆಗಿದ್ದ ಮನೆಯ ಮಾಲೀಕರು ಈ ಪಂಥದ ಪೀಠಾಧಿಪತಿಗಳು. ಅವರ ಪ್ರಿನ್ಸ್ ಎಂಬ ಪೊಮರೇನಿಯನ್ ನಾಯಿ, ಹರಿದ ದಿಂಬಿನಿಂದ ಹೊರಬಂದ ಹತ್ತಿಗೆ ಎರಡು ಗುಂಡಿ ಹೊಲಿದಂತಿತ್ತು. ಕನ್ನಡದಲ್ಲಿ ಏನು ಹೇಳಿದರೂ ಅದು ಮುಖ ತಿರುಗಿಸಿಕೊಳ್ಳುತ್ತಿತ್ತು.

ನನ್ನ ಹೆಂಡತಿ ತವರಿನಿಂದ ತಂದ ಲೋಳೆಸರದ ಕುಂಡವನ್ನು ಮೆಟ್ಟಿಲ ಪಕ್ಕದಲ್ಲಿಟ್ಟ ದಿನ ಮಾಲೀಕರು ಪ್ರಿನ್ಸ್ ಸಮೇತ ಪರಿಶೀಲನೆಗೆ ಬಂದರು.

“ಏನ್ರೀ, ಇದನ್ನ ನಾಯಿ ತಿಂದ್ರೆ ಏನಾದ್ರೂ ಆಗುತ್ತಾ? ನೀವು ಗ್ರ್ಯಾಜುಯೇಟು, ನಿಮಗೆ ಗೊತ್ತಿರ್ಬೇಕು.”

ನಾನು ಪದವಿ ಪಡೆದದ್ದು ಅರ್ಥಶಾಸ್ತ್ರದಲ್ಲಿ. ಆದರೆ ವಂಶದಲ್ಲೇ ಮೊದಲು ಪದವಿ ಪಡೆದವನು ‘ಗೊತ್ತಿಲ್ಲ’ ಎಂದರೆ ಇಡೀ ವಂಶವೇ ಮತ್ತೆ ಹೆಬ್ಬೆಟ್ಟಿಗೆ ಮರಳಿದಂತೆ ನನಗೆ ಭಾಸವಾಗುತ್ತದೆ. ಆದ್ದರಿಂದ ಕನ್ನಡಕ ಸರಿಪಡಿಸಿಕೊಂಡು, “ಮನುಷ್ಯರಿಗೆ ಔಷಧವಾದದ್ದು ನಾಯಿಗೆ ವಿಷವಾಗಲಾರದು. ಮೇಲಾಗಿ, ಇಷ್ಟು ಕಹಿಯಾದುದನ್ನು ವಿವೇಕವುಳ್ಳ ಯಾವ ಪ್ರಾಣಿಯೂ ತಿನ್ನುವುದಿಲ್ಲ” ಎಂದು ತೀರ್ಪಿತ್ತೆ.

“ಯಾಕ್ ಬೇಕು ರಗಳೆ, ಮೇಲೆ ಮೊಳೆಗೆ ತೂಗುಹಾಕಿಬಿಡೋಣ” ಎಂದಳು ಹೆಂಡತಿ. ತರ್ಕಕ್ಕೆ ಮೊಳೆ ಹೊಡೆಯುವುದು ನನಗೆ ಒಪ್ಪಿಗೆಯಾಗಲಿಲ್ಲ.

“ನೋಡಿ, ಪ್ರಿನ್ಸ್‌ಗೆ ಏನಾದ್ರೂ ಆದ್ರೆ ನೀವು ಬೇರೆ ಮನೆ ನೋಡ್ಕೊಳ್ಳಿ” ಎಂದು ಮಾಲೀಕರು ಹೊರಟರು.

ಆ ಭಾನುವಾರ ಬಾಗಿಲು ತೆರೆದರೆ ಪ್ರಿನ್ಸ್ ದಪ್ಪನೆಯ ಎಲೆಯೊಂದನ್ನು ಕಿತ್ತು ಅಗಿಯುತ್ತಿತ್ತು. “ಏಯ್, ಬಿಡು!” ಎಂದೆ. ಬಾಲವೂ ಅಲುಗಲಿಲ್ಲ. ಇಂಗ್ಲಿಷ್ ಅನಿವಾರ್ಯವಾಯಿತು. ‘ಡೋಂಟ್ ಈಟ್’ ಎನ್ನೋಣವೆಂದರೆ ಮಾಲೀಕರ ನಾಯಿಗೆ ತೀರ ಒರಟಾಗಿ ಕೇಳಿಸೀತು. ‘ಪ್ಲೀಸ್’ ಮೊದಲು ಬರಬೇಕೋ, ಕೊನೆಯಲ್ಲೋ? ‘ಎ ಲೀಫ್’ ಸರಿಯೋ, ‘ದಿ ಲೀಫ್’ ಸರಿಯೋ? ‘ದಿ’ ಎಂದು ನಿಶ್ಚಯವಾಗುವಷ್ಟರಲ್ಲಿ ಲೀಫೇ ಮುಗಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಮಾಲೀಕರ ಹೊಳೆಯುವ ರೆಡ್ ಆಕ್ಸೈಡ್ ನೆಲದ ಮೇಲೆ ಪ್ರಿನ್ಸ್ ಎರಡೂ ಕಡೆಯಿಂದ ತನ್ನ ಅಭಿಪ್ರಾಯ ವ್ಯಕ್ತಪಡಿಸಿತು. ಪಶುವೈದ್ಯರ ಬಳಿಗೆ ನಾನೂ ಆಟೋದಲ್ಲಿ ಹೋದೆ. “ಲೋಳೆಸರ ನಾಯಿಗೆ ಆಗೋದಿಲ್ಲ ಸ್ವಾಮಿ. ಸಿಪ್ಪೆ ಕೆಳಗೆ ಹಳದಿ ರಸ ಇರುತ್ತೆ, ವಾಂತಿ ಭೇದಿ ಮಾಡಿಸುತ್ತೆ. ಇದು ಸುಧಾರಿಸ್ಕೊಳ್ಳುತ್ತೆ ಬಿಡಿ. ಏನೂ ಆಗಲ್ಲ ಅಂತ ನಿಮಗೆ ಯಾರು ಹೇಳಿದ್ದು?” ಎಂದರು ವೈದ್ಯರು. ಗೋಡೆಯ ಮೇಲಿದ್ದ ಸಿಂಧಿ ಹಸುವಿನ ಚಿತ್ರವನ್ನು ನಾನು ಗಾಢವಾಗಿ ಅಭ್ಯಸಿಸತೊಡಗಿದೆ.

ಮನೆಗೆ ಬಂದೊಡನೆ ಮಾಲೀಕರು, “ಖಾಲಿ ಮಾಡಿ” ಎಂದರು. ಅವರ ಹೆಂಡತಿ ಅಡ್ಡ ಬಂದರು: “ಹೋಗ್ಲಿ ಬಿಡಿ ಅಂದ್ರೆ. ಪಾಪ, ಓದಿದೋರು, ಅವರಿಗೇನು ಗೊತ್ತಾಗುತ್ತೆ?” ಮಾಲೀಕರು ಸ್ವಲ್ಪ ಕರಗಿದರು.

“ಹಾಗಾದ್ರೆ ಪ್ರಿನ್ಸ್‌ಗೆ ಸಾರಿ ಹೇಳ್ಲಿ. ಇಂಗ್ಲಿಷಲ್ಲೇ ಹೇಳ್ಬೇಕು. ಅದಕ್ಕೆ ಕನ್ನಡ ಬರೋಲ್ಲ.”

ಎಂಥ ಅಜ್ಞಾನ, ಎಂಥ ದರ್ಪ! ಇಂಥವರ ಮನೆಯಲ್ಲಿ ಒಂದು ಗಳಿಗೆಯೂ ಇರಬಾರದೆನಿಸಿತು. ಆದರೆ ಕಾರ್ಪೊರೇಷನ್ ನೀರು ಬರುವ ಮನೆ ಬೇರೆಲ್ಲಿದೆ? ಬಗ್ಗಿದೆ, ಕೈಕಟ್ಟಿ ನಿಂತೆ, ಗಂಟಲು ಸರಿಪಡಿಸಿಕೊಂಡು ಹೇಳಿದೆ: “ಐ ಆ್ಯಮ್ ಎಕ್ಸ್‌ಟ್ರೀಮ್ಲಿ ಸಾರಿ, ಸಾರ್.”

ಕೊನೆಯ ಆ ‘ಸಾರ್’ ಕಚೇರಿಯ ಅಭ್ಯಾಸಬಲದಿಂದ ಬಂದದ್ದು. ವಾಕ್ಯದಲ್ಲಿ ಮಾತ್ರ ವ್ಯಾಕರಣದೋಷವೇನೂ ಇರಲಿಲ್ಲ.