ಹಲ್ಲಿಲ್ಲದವರ ಹೋಳಿಗೆ

ನಾನು ಹೊಟ್ಟೆಕಿಚ್ಚಿನವನಲ್ಲ. ಪರದೇಶದ ಈ ಪ್ಲೆಸೆಂಟನ್ ಊರಿನ ನಮ್ಮ ಬೀದಿಯಲ್ಲಿ ಯಾರು ಯಾವ ಕಾರು ಕೊಂಡರೂ ಸುಖವಾಗಿ ನಿದ್ದೆ ಮಾಡುತ್ತಿದ್ದೆ. ಪಕ್ಕದ ಮನೆಗೆ ಡೇವ್ ಬಂದ ಮೇಲೆ ನಿದ್ದೆ ಕೆಟ್ಟಿತು.

ಡೇವ್ ಐಸ್ ಹಾಕಿಯನ್ನೇ ವೃತ್ತಿಯಾಗಿ ಆಡಿ ನಿವೃತ್ತನಾದವನು. ಮೊಣಕಾಲಲ್ಲಿ ಸ್ಕ್ರೂ, ಹುಬ್ಬಿನ ಮೇಲೆ ಹೊಲಿಗೆಯ ಗುರುತು, ಮುಂದಿನ ಹಲ್ಲುಗಳು ನಾಪತ್ತೆ. ನನ್ನ ಹೆಂಡತಿ ಸುಮಾಳ ಕಣ್ಣಿಗೆ ಅದು ಬರಿಯ ಬಾಯಲ್ಲ, ವೀರಗಲ್ಲು. "ಪಾಪ, ಅವರಿಗೆ ಗಟ್ಟಿ ತಿನ್ನಕ್ಕಾಗಲ್ಲ ಕಣ್ರೀ" ಎಂದು ತುಪ್ಪ ಸವರಿದ ಹೋಳಿಗೆಯನ್ನೆಲ್ಲ ಬೇಲಿ ದಾಟಿಸಿದಳು. ನನಗೆ ಉಳಿದದ್ದು ಕೋಡುಬಳೆ. ಹಲ್ಲಿದ್ದವರಿಗೆ ಕಡಲೆಯಿಲ್ಲ ಎನ್ನುತ್ತಾರೆ. ನನಗೆ ಹೋಳಿಗೆಯೂ ಇಲ್ಲ!

"ನಾನೂ ಮೈಸೂರಲ್ಲಿ ಕಾಲೇಜ್ ಟೀಮಲ್ಲಿ ಹಾಕಿ ಆಡ್ದೋನೇ" ಎಂದೆ ಅವಳಿಗೆ.

"ಆಡಿದ್ರಾ, ಬೆಂಚಲ್ಲಿ ಕೂತಿದ್ರಾ?"

ಈ ಮಾತು ನಾಟಿತು. ಶನಿವಾರ ಡೇವ್ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವ ಐಸ್ ರಿಂಕಿಗೆ ಹೆಂಡತಿ, ಮಗಳ ಸಮೇತ ದಯಮಾಡಿಸಿದೆ. ಹುಲ್ಲಿನ ಬದಲು ಐಸು, ಅಷ್ಟೇ ತಾನೇ ಎಂದುಕೊಂಡು ಬಾಡಿಗೆ ಸ್ಕೇಟ್ಸ್ ಕಟ್ಟಿಕೊಂಡೆ. ಹೊಸಬರು ಬೀಳದಂತೆ ಹಿಡಿದು ನೂಕಿಕೊಂಡು ಹೋಗುವ ಪ್ಲಾಸ್ಟಿಕ್ ಪೆಂಗ್ವಿನ್ ಒಂದನ್ನು ಡೇವ್ ನನ್ನ ಮುಂದೆ ತಂದಿಟ್ಟ.

"ಅಪ್ಪಾ, ಪ್ಲೀಸ್, ಟೇಕ್ ದ ಪೆಂಗ್ವಿನ್" ಎಂದಳು ಮಗಳು ನಿಧಿ.

ಮಾಜಿ ಕ್ರೀಡಾಪಟುವಿನ ಘನತೆಯಿಂದ ನಿರಾಕರಿಸಿ ಐಸಿಗೆ ಇಳಿದೆ. ನಾಲ್ಕು ಹೆಜ್ಜೆ ನೆಟ್ಟಗೇ ಹೋದೆ. ಸುಮಾ ನೋಡುತ್ತಿದ್ದಾಳೆಂದು ಕೈ ಬೀಸಿದೆ. ಕೈ ಮೇಲೆ ಹೋಯಿತು, ಕಾಲು ಎಲ್ಲೋ ಹೋಯಿತು. ಎದುರಿಗೆ ಪುಟ್ಟ ಹುಡುಗಿಯೊಬ್ಬಳು ಪೆಂಗ್ವಿನ್ ನೂಕಿಕೊಂಡು ಬರುತ್ತಿದ್ದಳು. ಅದರ ತಲೆಗೆ ನನ್ನ ಬಾಯಿ ಬಡಿಯಿತು. ಮುಂದಿನ ಹಲ್ಲೊಂದು ಅಲ್ಲೇ ರಾಜೀನಾಮೆ ಕೊಟ್ಟಿತು. ಡೇವ್ ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದರಲ್ಲಿ ನನ್ನ ಹಲ್ಲನ್ನೂ ಎತ್ತಿಕೊಂಡು ಹೊರಗೆ ತಂದ. ಆ ಹುಡುಗಿ ಪೆಂಗ್ವಿನ್ನಿಗೆ ನೋವಾಯಿತೆಂದು ಅಳುತ್ತಿದ್ದಳು.

ಮರುದಿನ ಅಡುಗೆಮನೆಯಿಂದ ಹೋಳಿಗೆಯ ಘಮ ಬಂತು. ನೋವಿನಲ್ಲೂ ನನಗೆ ಸಂತೋಷವಾಯಿತು. ಈಗ ನಾನೂ ಹಲ್ಲಿಲ್ಲದವರ ಪಂಗಡಕ್ಕೆ ಸೇರಿದವನಲ್ಲವೇ? ಅಷ್ಟರಲ್ಲಿ ಡೇವ್ ನನ್ನನ್ನು ವಿಚಾರಿಸಿಕೊಳ್ಳಲು ಬಂದ. ಸುಮಾ ಬಿಸಿ ಹೋಳಿಗೆಯ ತಟ್ಟೆಯನ್ನು ಅವನ ಮುಂದಿಟ್ಟಳು. ನನ್ನ ಮುಂದೆ ಒಂದು ಲೋಟ ರಾಗಿ ಗಂಜಿ.

"ನನಗೂ ಹಲ್ಲು ಹೋಗಿದೆ ಕಣೇ" ಎಂದೆ, ಊದಿದ ತುಟಿಯಲ್ಲಿ ಆದಷ್ಟು ಗಂಭೀರವಾಗಿ.

"ಡಾಕ್ಟ್ರು ಏನೂ ಅಗೀಬಾರ್ದು ಅಂದಿದಾರೆ. ಅಲ್ದೆ ಅವರದು ಮ್ಯಾಚಲ್ಲಿ ಹೋಗಿದ್ದು ರೀ. ನಿಮ್ಮದು ಪೆಂಗ್ವಿನ್‌ಗೆ ಗುದ್ದಿ."

ಡೇವ್ ಎರಡನೆಯ ಹೋಳಿಗೆಗೆ ಕೈ ಹಾಕಿದ. ನಾನು ಗಂಜಿ ಕುಡಿದೆ.