ಎರಡು ಪಾಳಿಯ ಊಟ

ಗಲಾಟೆ ಶುರುವಾದದ್ದು ಹನ್ನೆರಡು ಬೆಂಚುಗಳಿಂದ. ಅಂಗಿಯ ಗುಂಡಿ ಮಾಡುವ ಆ ಕಾರ್ಖಾನೆಯಲ್ಲಿ ಕೆಲಸಗಾರರು ನೂರಿಪ್ಪತ್ತು, ಊಟದ ಕೋಣೆಯಲ್ಲಿ ಬೆಂಚು ಹನ್ನೆರಡು. ಅರ್ಧ ಜನ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದರು. ‘ಇನ್ನು ಮುಂದೆ ಊಟ ಎರಡು ಪಾಳಿಯಲ್ಲಿ’ ಎಂದು ಮ್ಯಾನೇಜರು ಪಟ್ಟಿ ಅಂಟಿಸಿದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಯಂತ್ರಗಳು ನಿಂತವು.

ಜನರನ್ನು ಒಪ್ಪಿಸಲೆಂದು ಸಲಹಾ ಕಂಪನಿಯೊಂದರಿಂದ ಒಬ್ಬಾಕೆ ಬಂದಳು. ಸಂಸ್ಥೆಗಳು ಹಳೆಯ ಪದ್ಧತಿಯಿಂದ ಹೊಸದಕ್ಕೆ ಹೊರಳುವಾಗ ಜನರ ಮನಸ್ಸನ್ನೂ ಹೊರಳಿಸುವುದು ಹದಿನಾಲ್ಕು ವರ್ಷಗಳಿಂದ ಅವಳ ವೃತ್ತಿ. ಒಂದು ಬ್ಯಾಂಕಿನ ನೌಕರರ ಸ್ವಂತ ಮೇಜುಗಳನ್ನೆಲ್ಲ ಕಸಿದುಕೊಂಡು, ದಿನಾ ಖಾಲಿ ಸಿಕ್ಕಲ್ಲಿ ಕೂರುವಂತೆ ಮಾಡಿ, ಅವರಿಂದಲೇ ಚಪ್ಪಾಳೆ ಹೊಡೆಸಿಕೊಂಡಿದ್ದ ಗಟ್ಟಿಗಿತ್ತಿ. ಇದೊಂದು ಗೆದ್ದರೆ ವಿಭಾಗದ ಮುಖ್ಯಸ್ಥೆಯ ಹುದ್ದೆ ಸಿಗಬಹುದೆಂದು ಅವಳ ಬಾಸ್ ಸೂಚನೆ ಕೊಟ್ಟಿದ್ದರು.

“ಸಂಜೆಯೊಳಗೆ ಮುಗಿಸ್ತೀನಿ ಸರ್” ಎಂದು ಹೇಳಿಯೇ ಹೊರಟಿದ್ದಳು.

ಆದರೆ ಅವಳು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಹಿಂದೆ ನಿಂತ ಮ್ಯಾನೇಜರು, “ಇಷ್ಟ ಇಲ್ದಿದ್ರೆ ಮನೆಗೆ ನಡೀರಿ!” ಎಂದು ಬಾಲ ಸೇರಿಸುತ್ತಿದ್ದರು. ಉರಿಯುವ ಒಲೆಗೆ ಊದುಗೊಳವೆ ಹಿಡಿದಂತೆ. ಅವರ ಪಟ್ಟಿಯೋ, ದೇವರಿಗೇ ಪ್ರೀತಿ. ಗಂಡ ಹೆಂಡತಿಯನ್ನು ಬೇರೆ ಬೇರೆ ಪಾಳಿಗೆ ಹಾಕಿ, ಆರು ವರ್ಷದಿಂದ ಮಾತು ಬಿಟ್ಟ ವಾರಗಿತ್ತಿಯರಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ್ದರು.

“ಸರ್, ನೀವು ಸ್ವಲ್ಪ ನಿಮ್ಮ ರೂಮಲ್ಲಿ ವಿಶ್ರಾಂತಿ ತಗೊಳ್ಳಿ” ಎಂದು ಅವರನ್ನು ಸಾಗಹಾಕಿ, ಆಕೆ ಗುಂಪಿನ ಮೇಲೆ ಕಣ್ಣಾಡಿಸಿದಳು. ಎಲ್ಲರೂ ಮಾತಾಡುವ ಮುಂಚೆ ಒಬ್ಬ ಹೆಂಗಸಿನ ಮುಖ ನೋಡುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಗುಂಡಿಗೆ ತೂತು ಕೊರೆಯುತ್ತಿದ್ದ ಆಕೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಇವಳೊಬ್ಬಳು ಒಪ್ಪಿದರೆ ಎಲ್ಲರೂ ಒಪ್ಪಿದಂತೆ! ಸಲಹೆಗಾರ್ತಿ ಮೆಟ್ಟಿಲ ಮೇಲೆ ದೊಡ್ಡಕ್ಕನ ಪಕ್ಕ ಕೂತು, ಒಂದು ಗಂಟೆ ಬಾಯಿ ಮುಚ್ಚಿ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು: “ಈ ಪಟ್ಟಿ ನೀವೇ ಮಾಡಿದ್ರೆ ಹೇಗಿರುತ್ತೆ?”

ದೊಡ್ಡಕ್ಕ ಪಟ್ಟಿಯನ್ನು ಹರಿದು ಬೆಂಚು ಹತ್ತಿದಳು. “ಯಾರು ಯಾರ ಜೊತೆ ಉಣ್ಬೇಕು, ಬಾಯಿಬಿಟ್ಟು ಹೇಳ್ರೋ!”

ಎಲ್ಲರಿಗಿಂತ ಮೊದಲು ಆ ಗಂಡ ಎದ್ದ. “ನಂದು ಮೊದಲ್ನೇ ಪಾಳಿ. ಇವಳದು ಎರಡನೇದಾಗ್ಲಿ. ಮನೇಲಂತೂ ಇದ್ದಿದ್ದೇ ಅಲ್ವಾ?”

“ನಾನೇ ಹೇಳೋಣ ಅಂತಿದ್ದೆ!” ಎಂದಳು ಹೆಂಡತಿ.

ನಗೆಯ ಅಲೆಯೆದ್ದಿತು. ವಾರಗಿತ್ತಿಯರು ಕೂಡ, ಬೇರೆ ಪಾಳಿ ಬೇಕೆಂದು ಹೇಳುವ ಸಲುವಾಗಿ, ಆರು ವರ್ಷದ ನಂತರ ಪರಸ್ಪರ ಮಾತಾಡಿದರು. ಮೂರು ಗಂಟೆಗೆ ಯಂತ್ರಗಳು ತಿರುಗತೊಡಗಿದವು.

ಮೊಬೈಲ್ ಹೊಡೆದುಕೊಂಡಿತು. ಬಾಸ್.

“ಮ್ಯಾನೇಜರು ಎಲ್ಲಾ ಹೇಳಿದ್ರು. ಅಮೋಘ! ಮುಖ್ಯಸ್ಥೆ ಹುದ್ದೆ ಇವತ್ತೇ ತುಂಬ್ತಿದೀನಿ.”

“ತುಂಬಾ ಥ್ಯಾಂಕ್ಸ್ ಸರ್!”

“ಆದ್ರೆ ಆಕೆ ಒಪ್ಪಬೇಕಲ್ಲ?”

“ಯಾರು ಸರ್?”

“ಅದೇ ದೊಡ್ಡಕ್ಕ! ಬೆಂಚು ಹತ್ತಿ ಒಂದು ಗಂಟೇಲಿ ನೂರಿಪ್ಪತ್ತು ಜನರನ್ನ ಒಪ್ಪಿಸಿದಾರಂತೆ. ಅಂಥವರು ನಮಗೆ ಬೇಕು. ಹೊಸ ಕೆಲಸ ಅಂತ ಹೆದರಬಹುದು, ಸ್ವಲ್ಪ ನೀವೇ ಮಾತಾಡಿ. ಈ ವಿಷಯದಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾರೂ ಇಲ್ಲ.”

ಆಕೆ ಮೊಬೈಲನ್ನು ಚೀಲಕ್ಕೆ ತುರುಕಿದಳು. ಒಪ್ಪಿಸಲು ಆಗಲಿಲ್ಲ ಎಂದುಬಿಟ್ಟರೆ ಹುದ್ದೆ ತನಗೇ ಉಳಿಯುತ್ತದೆ. ಆದರೆ ಹದಿನಾಲ್ಕು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಸೆರಗು ಸರಿಮಾಡಿಕೊಂಡು ದೊಡ್ಡಕ್ಕನ ಬಳಿ ಹೋದಳು.

ಹಾಳು ವಿದ್ಯೆ, ಇಪ್ಪತ್ತೇ ನಿಮಿಷದಲ್ಲಿ ಫಲಿಸಿತು.

“ಆಯ್ತು, ಬರ್ತೀನಿ” ಎಂದು ದೊಡ್ಡಕ್ಕ ಕೈಯೊರೆಸಿಕೊಂಡಳು. “ನಾಳೆ ಒಂಬತ್ತಕ್ಕೆ ಸರಿಯಾಗಿ ಆಫೀಸಲ್ಲಿರು ಮಗಳೇ. ತಡ ಮಾಡೋರನ್ನ ಕಂಡ್ರೆ ನಂಗಾಗಲ್ಲ.”