ಮಿರ್ಚಿ ಒಲಿಯ ಹಿಂದಿನ ಗೋಡೆ

ಗೌಂಡಿ ಗೋಡೆ ಕಟ್ಟೋವಾಗ ಎದುರಿಗೆ ನಿಂತವರೆಲ್ಲ ಎಂಜಿನಿಯರ್ ಆಗ್ತಾರ. ನಾನು ಗೌಂಡಿ, ಅದರಾಗೂ ಸಿಡುಕಿನವ. ಹಿಂಗಾಗಿ ಇಂಥ ತಕರಾರು ತಪ್ಪಲೇ ಇಲ್ಲ.

ಎಪ್ಪತ್ತೈದನೇ ಇಸವಿಯ ಸುಮಾರಿಗೆ ಗಂಗಾವತಿಯಲ್ಲಿ ಒಬ್ಬ ಡಾಕ್ಟರು ಎಕ್ಸ್‌ರೇ ಕೋಣೆ ಕಟ್ಟಿಸಿದರು. ಅದರ ಕಿರಣ ಹೊರಗೆ ಬರಬಾರದು. ಗೋಡೆ ದಪ್ಪ ಇರಬೇಕು, ಬಾಗಿಲಿಗೆ ಸೀಸದ ತಗಡು ಬೇಕು, ಜನ ಕೂಡೋ ಕಡೆ ಕಿಟಕಿ ಕೂಡದು. ಇದು ನಿಯಮ. ಹಿಂದಿನ ಗೋಡೆಯ ಆಚೆ, ಓಣಿಯಲ್ಲಿ, ನಮ್ಮಾಕಿ ಮಿರ್ಚಿ ಬಜ್ಜಿ ಕರೀತಿದ್ದಳು. ನಿಯಮ ಬಿಗಿ ಹಿಡಿಯಾಕ ನನಗೆ ಅಷ್ಟು ಸಾಕು.

೧. ಬಾಗಿಲು

ಸೀಸದ ಬಾಗಿಲು ನಾಕು ಮಂದಿ ಎತ್ತಿ ಕೂಡಿಸಿದೆವು. ಕೆಮ್ಮಿನ ಔಷಧಕ್ಕೆ ಬಂದಿದ್ದ ಕುಷ್ಟಗಿಯ ಮುದುಕಿಯೊಬ್ಬಳು ನಿಂತು ನೋಡಿದಳು. ಮರುದಿನ ಗಂಟು ಹಿಡಕೊಂಡು ಬಂದಳು.

"ಇದೇನ್ರಿ ಆಯಿ?"

"ಬೆಳ್ಳಿ ಕಡಗ. ಇಷ್ಟು ಬಂದೋಬಸ್ತ್ ಐತಿ, ಡಾಕ್ಟರ ಬಂಗಾರದ ಮಗ್ಗಲಾಗ ಇದನ್ನೂ ಇಡಪಾ."

೨. ಕಿಟಕಿ

ಇದು ಬಾಗಿಲು ಕೂಡಿಸೋ ಮೊದಲಿನ ಮಾತು. ಒಳಗೆ ಸೆಕೆ ಆದೀತು ಅಂತ ಡಾಕ್ಟರಿಗೆ ಚಿಂತೆ. "ಹಿಂದಿನ ಗೋಡಿಗೆ ಒಂದು ಕಿಟಕಿ ಇಡು" ಅಂದರು.

"ಇಡೂದಿಲ್ರಿ."

"ಹಿಂದ ಯಾರದಾರ?"

"ನನ್ನ ಹೆಂಡತಿ ಅದಾಳ."

"ಬ್ಯಾರೆ ಗೌಂಡಿನ್ನ ಕರಸ್ತೀನಿ."

"ಕರಸ್ರಿ. ಅಂವ ಇಟ್ಟ ಕಿಟಕಿ ನಾ ಬಂದು ಮುಚ್ಚತೀನಿ."

"ಆಕಿಗೆ ಬ್ಯಾರೆ ಕಡೆ ಕೂಡಾಕ ಹೇಳು."

"ನೀವ ಹೇಳ್ರಿ."

ಹೋದರು. ಆಕಿ ದನಿ ಇಲ್ಲಿಗೇ ಕೇಳಿತು. ಆ ಗೋಡೆ ಇನ್ನೂ ಎದೆಮಟ್ಟ ಅಷ್ಟೇ ಎದ್ದಿತ್ತು. "ನನ್ನ ಒಲಿ ನಿಮ್ಮ ದವಾಖಾನಿಗಿಂತ ಮೊದಲಿಂದ ಐತ್ರಿ ಸಾಹೇಬ್ರ. ನಿಮ್ಮ ಮಷಿನ್ನ ಬ್ಯಾರೆ ಕಡೆ ಒಯ್ಯರಿ."

ಡಾಕ್ಟರು ತಿರುಗಿ ಬಂದರು. ಕೈಯಲ್ಲಿ ಮಿರ್ಚಿ ಕಟ್ಟಿದ ಕಾಗದ, ಬಾಯಲ್ಲಿ ಒಂದು ಮಿರ್ಚಿ. ಹಾ ಹಾ ಅಂತ ಉಸಿರು ಬಿಡುತ್ತ ಅಂದರು: "ಕಿಟಕಿ ಬ್ಯಾಡ ಬಿಡು."

೩. ಬೀಗರು

ಮಷಿನ್ನು ಬಂತು. ಯಲಬುರ್ಗಾ ಕಡೆಯವನೊಬ್ಬ ಕಾಲು ಮುರಕೊಂಡು ಬಂದ. ಬೆನ್ನಿಗೆ ಬೀಗರು, ಬಿಜ್ಜರು, ಟ್ರ್ಯಾಕ್ಟರ್ ತುಂಬ. ಎಲ್ಲರೂ ಕೋಣೆಯೊಳಗೆ.

"ಹೊರಗ ನಡೀರಿ" ಅಂದ ಎಕ್ಸ್‌ರೇ ಫೋಟೋ ತೆಗೆಯೋವ.

ಕಾಲು ಮುರಕೊಂಡವನ ಸೋದರತ್ತೆ ಅಲುಗಲಿಲ್ಲ. "ಒಬ್ಬನ್ನ ಒಳಗ ಬಿಟ್ಟು ಬಾಗಿಲಾ ಹಾಕಿದ್ರ ಊರಾಗ ನಮಗ ಏನಂದಾರು?"

"ಯವ್ವಾ, ಈ ಕಿರಣ ಸುಮ್ನ ಮೈಗೆ ಬೀಳಬಾರದು. ಛಲೋ ಅಲ್ಲ."

ಅತ್ತೆ ಗಾಬರಿಯಾಗಿ ತಿರುಗಿದಳು. "ಏ, ನಮ್ಮ ಹುಡುಗನ್ನೂ ಎತ್ತರ್ರೋ ಹೊರಗ!"

೪. ಕಿವಿ

ಇದು ಮಷಿನ್ನು ಬರೋ ಮೊದಲು, ಗೋಡೆ ಪೂರ್ತಿ ಎದ್ದ ಮೇಲಿನ ಮಾತು. ಒಳಗೆ ಗಿಲಾವು ಬಳೀತಿದ್ದೆ. ಆಕಿ ಹೊರಗಿನಿಂದ ಊಟಕ್ಕೆ ಕರೆದಳಂತೆ. ನನಗೆ ಕೇಳಲಿಲ್ಲ. ಮಿರ್ಚಿ ಎತ್ತೋ ಝಾರಾ ಹಿಡಕೊಂಡೇ ಸುತ್ತಿ ಬಂದಳು.

"ಆ ಕಿರಣ ತಡಿಯಾಕ ಕಟ್ಟೀರೋ, ನನ್ನ ಬಾಯಿ ತಡಿಯಾಕ ಕಟ್ಟೀರೋ?"

"ಎರಡಕ್ಕೂ" ಅಂದೆ. ಆ ದಿನ ಊಟ ತಡವಾಯಿತು.

ಆಕಿ ತೀರಿಹೋದ ವರ್ಷ ನನಗೆ ಕೆಮ್ಮು ಹತ್ತಿತು. ಎದೆ ಫೋಟೋಕ್ಕೆ ಅದೇ ಕೋಣೆಗೆ ಹೋದೆ. ಫೋಟೋದವ ಬಾಗಿಲು ಹಾಕಿದ, ಮತ್ತೆ ತೆಗೆದ.

"ಏ ಗೌಂಡಿ, ಪ್ಲೇಟಿಗೆ ಎದಿ ಹಚ್ಚಂದ್ರ ಹಿಂದಿನ ಗೋಡಿಗೆ ಹೋಗಿ ಕಿವಿ ಹಚ್ಚೀಯಲ್ಲೋ!"

"ಸ್ವಲ್ಪ ತಡಿ. ಆಕಿ ಬೈಯೂದು ಕೇಳತೈತೇನು ನೋಡಾಕತ್ತೀನಿ."

"ಕೇಳ್ತೇನು?"

"ಇಲ್ಲ. ಭಾಳ ಛಲೋ ಕಟ್ಟಿಬಿಟ್ಟೇನಿ."